ನೋಡಿದವರು, ನಕ್ಕವರು, ಸುಮ್ಮನಿದ್ದವರು



ಮೋರಖಂಡಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಇತಿಹಾಸದ ಪಾಠದಲ್ಲಿ ಕೇಳಿರಬಹುದು. ರಾಷ್ಟ್ರಕೂಟರ ಮಯೂರಖಂಡಿ ಇದೇ ಊರು ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಇವತ್ತು ನಾನು ಹೇಳಹೊರಟಿರುವುದು ಇತಿಹಾಸವಲ್ಲ, ಆಟದ ಮೈದಾನದ ಮಾತು. ಮೋರಖಂಡಿಯಲ್ಲಾಗಲಿ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಬೇರೆ ಯಾವ ಹಳ್ಳಿಯಲ್ಲಾಗಲಿ ಮಳೆಗಾಲದ ನಡುವೆ ಶಾಲೆಯ ಕಡೆ ಹೋದರೆ ಕಾಣುವ ನೋಟ ಒಂದೇ. ಸುಣ್ಣದ ಗೆರೆ, ಕಬಡ್ಡಿ ಅಂಕಣ, ಖೋ-ಖೋ ಕಂಬ, ಮಾಸ್ತರ ಸೀಟಿ. ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಬೀದರಿಗೆ, ಅಲ್ಲೂ ಗೆದ್ದವರು ವಿಭಾಗ ಮಟ್ಟಕ್ಕೆ ಕಲಬುರಗಿಗೆ. ಗೆದ್ದು ಬಂದ ತಂಡಕ್ಕೆ ಊರ ಅಗಸಿಯಲ್ಲೇ ಹಾರ ಬೀಳುತ್ತದೆ. ಆಟಗಾರರ ಹೆಸರು ಚಹಾದಂಗಡಿಯಲ್ಲಿ ಒಂದು ವಾರ ಓಡಾಡುತ್ತದೆ.

ಇದು ಒಳ್ಳೆಯದೇ. ಹೆಮ್ಮೆ ಇಲ್ಲದ ಊರಿನಲ್ಲಿ ಆಟ ಬೆಳೆಯುವುದಿಲ್ಲ. ಆದರೆ ಇದೇ ಹೆಮ್ಮೆ ಒಂದು ಊರಿನ ಬಾಯಿ ಕಟ್ಟಿದ ಕಥೆಯೂ ಇದೆ. ಆ ಊರು ಅಮೆರಿಕದ ಓಹಾಯೊ ರಾಜ್ಯದಲ್ಲಿದೆ, ಹೆಸರು ಸ್ಟೂಬೆನ್‌ವಿಲ್. ಅಲ್ಲಿ ನಡೆದುದನ್ನು ಕುರಿತು ನ್ಯಾನ್ಸಿ ಶ್ವಾರ್ಟ್ಸ್‌ಮನ್ ಎಂಬ ನಿರ್ದೇಶಕಿ 2018ರಲ್ಲಿ 'ರೋಲ್ ರೆಡ್ ರೋಲ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಹೆಸರಿಗೆ ಅರ್ಥ ಹುಡುಕಬೇಕಾಗಿಲ್ಲ. ಆ ಊರಿನ ಪ್ರೌಢಶಾಲೆಯ ಫುಟ್‌ಬಾಲ್ ತಂಡವನ್ನು ಹುರಿದುಂಬಿಸಲು ಜನ ಕೂಗುವ ಕೂಗು ಅದು.

ಮೊದಲು ಊರಿನ ಪರಿಚಯ. ಓಹಾಯೊ ನದಿಯ ದಂಡೆಯ ಮೇಲಿನ ಉಕ್ಕಿನ ಪಟ್ಟಣ ಅದು. ಕಾರ್ಖಾನೆಗಳು ಒಂದೊಂದಾಗಿ ಕುಸಿದ ಮೇಲೆ ಉಳಿದ ಜನಸಂಖ್ಯೆ ಹದಿನೆಂಟು ಸಾವಿರದ ಆಸುಪಾಸು. ಆದರೆ ಶಾಲಾ ತಂಡದ ಕ್ರೀಡಾಂಗಣದಲ್ಲಿ ಸುಮಾರು ಹತ್ತು ಸಾವಿರ ಜನ ಕೂರಬಹುದು. ಲೆಕ್ಕ ಹಾಕಿ ನೋಡಿ. ಊರಿನ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಸಂಜೆ ಒಂದೇ ಕಡೆ ಕುಳಿತು ಹದಿನಾರು, ಹದಿನೇಳು ವರ್ಷದ ಹುಡುಗರ ಆಟ ನೋಡುವಷ್ಟು ಜಾಗ! ಅಲ್ಲೊಂದು ಕೆಂಪು ಕುದುರೆಯ ಪ್ರತಿಮೆಯಿದೆ. ತಂಡ ಅಂಕ ಗಳಿಸಿದಾಗ ಅದರ ಬಾಯಿಂದ ಬೆಂಕಿ ಹೊರಡುತ್ತದೆ. ಕೆಲಸ ಹೋದ ಊರಿಗೆ ಉಳಿದಿದ್ದ ದೊಡ್ಡ ಹೆಮ್ಮೆಯೆಂದರೆ ಆ ತಂಡ.

2012ರ ಆಗಸ್ಟ್ 11ರ ರಾತ್ರಿ. ಶಾಲೆ ಮತ್ತೆ ಆರಂಭವಾಗುವ ಮುನ್ನ ಹುಡುಗ ಹುಡುಗಿಯರು ಮನೆಯಿಂದ ಮನೆಗೆ ಪಾರ್ಟಿ ಮಾಡುತ್ತಾ ಹೋದರು. ಮದ್ಯವಿತ್ತು. ನದಿಯಾಚೆಯ ಪಕ್ಕದ ಊರಿನ ಹದಿನಾರು ವರ್ಷದ ಹುಡುಗಿಯೊಬ್ಬಳು ಕುಡಿದು ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಳು. ತಂಡದ ಹುಡುಗರು ಆ ಸ್ಥಿತಿಯಲ್ಲೇ ಅವಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ದರು. ಇಬ್ಬರು ಆಟಗಾರರು ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರು. ಮರುದಿನ ಬೆಳಗ್ಗೆ ಅವಳಿಗೆ ಏನೂ ನೆನಪಿರಲಿಲ್ಲ. ತನಗೆ ಏನಾಯಿತೆಂಬುದು ಅವಳಿಗೆ ತಿಳಿದದ್ದು ಬೇರೆಯವರು ಹಂಚಿಕೊಂಡಿದ್ದ ಚಿತ್ರಗಳಿಂದ ಮತ್ತು ಸಂದೇಶಗಳಿಂದ.

ಘಟನೆಯ ವಿವರ ಇಷ್ಟು ಸಾಕು. ಸಾಕ್ಷ್ಯಚಿತ್ರವೂ ಇದಕ್ಕಿಂತ ಹೆಚ್ಚು ಆ ಕೋಣೆಯೊಳಗೆ ಇಣುಕುವುದಿಲ್ಲ. ಅಂಥ ವಿಷಯದ ಚಿತ್ರವೆಂದರೆ ನೊಂದವಳ ಕಣ್ಣೀರು ತೋರಿಸುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಇಲ್ಲಿ ಆ ಹುಡುಗಿ ತೆರೆಯ ಮೇಲೆ ಬರುವುದೇ ಇಲ್ಲ. ಕ್ಯಾಮೆರಾ ತಿರುಗಿರುವುದು ಸುತ್ತಲಿದ್ದವರ ಕಡೆಗೆ. ಪೊಲೀಸ್ ಪತ್ತೇದಾರರು ಹುಡುಗರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದಾಗಿನ ಧ್ವನಿ ಮತ್ತು ದೃಶ್ಯಗಳು, ಆ ರಾತ್ರಿ ಹರಿದಾಡಿದ ಸಂದೇಶಗಳು ಮತ್ತು ಊರಿನವರ ಮಾತು, ಚಿತ್ರದ ಬಹುಭಾಗ ಇವುಗಳಿಂದಲೇ ಆಗಿದೆ.

ಅಪರಾಧ ಮಾಡಿದವರು ಇಬ್ಬರು ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ಮಿಕ್ಕವರು ಏನು ಮಾಡುತ್ತಿದ್ದರು? ಒಬ್ಬ ಚಿತ್ರ ತೆಗೆದ. ಒಬ್ಬ ಅದನ್ನು ಇನ್ನೊಬ್ಬನಿಗೆ ಕಳಿಸಿದ. ಹಲವರು ಅದರ ಕೆಳಗೆ ತಮಾಷೆ ಬರೆದರು. ಆ ಶಾಲೆಯಲ್ಲಿ ಓದಿ ಮುಗಿಸಿದ್ದ ಒಬ್ಬ ಯುವಕ ಕುರ್ಚಿಯಲ್ಲಿ ಕುಳಿತು ಆ ಹುಡುಗಿಯ ಬಗ್ಗೆ ಹನ್ನೆರಡು ನಿಮಿಷ ನಗುತ್ತಾ ಮಾತಾಡಿದ. ಇನ್ನೊಬ್ಬ ಅದನ್ನು ವಿಡಿಯೊ ಮಾಡಿದ. ಆ ವಿಡಿಯೊ 2013ರ ಜನವರಿಯಲ್ಲಿ ಹೊರಬಿದ್ದಾಗ ಜಗತ್ತು ಬೆಚ್ಚಿತು. ಪೊಲೀಸರು ದೂರು ದಾಖಲಿಸಿಕೊಂಡ ಮೇಲೆ ಬೇಗ ಬೇಗ ಸಂದೇಶ ಅಳಿಸಿದವರೂ ಇದ್ದರು. ಆದರೆ ಇಂಟರ್ನೆಟ್‌ನಲ್ಲಿ ಅಪರಾಧ ಸುದ್ದಿಗಳನ್ನು ಬರೆಯುತ್ತಿದ್ದ, ಹಿಂದೊಮ್ಮೆ ಅದೇ ಊರಿನಲ್ಲಿ ವಾಸವಿದ್ದ ಅಲೆಕ್ಸಾಂಡ್ರಿಯಾ ಗೊಡ್ಡಾರ್ಡ್ ಎಂಬ ಮಹಿಳೆ ಅಳಿಸುವ ಮೊದಲೇ ಅನೇಕ ಸಂದೇಶಗಳನ್ನು ಸಂಗ್ರಹಿಸಿಟ್ಟಿದ್ದರು. ತನಿಖೆಯವರು ಫೋನುಗಳಿಂದ ತೆಗೆದು ಪರಿಶೀಲಿಸಿದ್ದು ಸುಮಾರು 3 ಲಕ್ಷ 96 ಸಾವಿರ ಸಂದೇಶಗಳು, 3 ಲಕ್ಷಕ್ಕೂ ಮಿಕ್ಕ ಚಿತ್ರಗಳು, 940 ವಿಡಿಯೊ ತುಣುಕುಗಳು. ಇವೆಲ್ಲ ಒಂದು ರಾತ್ರಿಯವಲ್ಲ, ಆ ಫೋನುಗಳಲ್ಲಿ ಇದ್ದದ್ದೆಲ್ಲ. ಆದರೂ ಆ ರಾಶಿಯಲ್ಲಿ ತನಿಖೆಗೆ ಬೇಕಾದಷ್ಟು ಸಿಕ್ಕಿತು.

ನಾನು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿ ಒಡೆಯುವುದು ನಿಧಾನ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ಬುರಬುರನೆ ಆಮ್ಲಜನಕ ಏಳುತ್ತದೆ. ಕೊನೆಗೆ ತೂಗಿ ನೋಡಿದರೆ ಹಾಕಿದ ಪುಡಿ ಇದ್ದಷ್ಟೇ ಇರುತ್ತದೆ, ತನಗೇನೂ ಸಂಬಂಧವಿಲ್ಲ ಎಂಬಂತೆ. ಇದಕ್ಕೆ ಕ್ರಿಯಾವರ್ಧಕ ಎನ್ನುತ್ತೇವೆ. ಸ್ಟೂಬೆನ್‌ವಿಲ್‌ನ ಆ ಹುಡುಗರ ಮಾತು ಕೇಳುವಾಗ ನನಗೆ ಪದೇ ಪದೇ ನೆನಪಾದದ್ದು ಈ ಕಪ್ಪು ಪುಡಿ. ನಾನು ಮುಟ್ಟಲಿಲ್ಲ, ನಾನು ಸುಮ್ಮನೆ ಅಲ್ಲಿದ್ದೆ, ನಾನು ಬರೀ ಚಿತ್ರ ತೆಗೆದೆ. ಹೋಲಿಕೆ ಪೂರ್ತಿ ಸರಿಬರುವುದಿಲ್ಲ ಎಂಬುದೂ ಗೊತ್ತು. ಪುಡಿಗೆ ಆಯ್ಕೆ ಇಲ್ಲ, ಆ ಹುಡುಗರಿಗೆ ಇತ್ತು.

ಈಗ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ವಿಚಾರಣೆಯಲ್ಲಿ ಒಬ್ಬ ಹುಡುಗ ಸಾಕ್ಷಿ ಹೇಳಿದ. ಅವನು ಆ ರಾತ್ರಿ ಕಣ್ಣಾರೆ ಕಂಡಿದ್ದ. ಅದೇ ರಾತ್ರಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ್ದ. ಕುಡಿದಿದ್ದ ಗೆಳೆಯ ಕಾರು ಓಡಿಸಲು ಹೊರಟಾಗ ಉಪಾಯವಾಗಿ ಅವನ ಕೈಯಿಂದ ಕೀಲಿ ತೆಗೆದುಕೊಂಡಿದ್ದ. ಅಂದರೆ ಹುಡುಗ ಪುಕ್ಕಲನಲ್ಲ, ಮೂರ್ಖನೂ ಅಲ್ಲ. ಗೆಳೆಯನ ಸಿಟ್ಟನ್ನು ಎದುರಿಸುವ ಧೈರ್ಯ ಅವನಲ್ಲಿತ್ತು. ಹಾಗಾದರೆ ಆ ಹುಡುಗಿಯ ಮೇಲೆ ನಡೆಯುತ್ತಿದ್ದುದನ್ನು ಏಕೆ ತಡೆಯಲಿಲ್ಲ ಎಂದು ಕೇಳಿದರು. ಅಲ್ಲಿ ಹೊಡೆತ ಬಡಿತ ಏನೂ ಕಾಣಲಿಲ್ಲ, ಅತ್ಯಾಚಾರ ಎಂದರೆ ನಿಖರವಾಗಿ ಏನೆಂದು ತನಗೆ ಗೊತ್ತಿರಲಿಲ್ಲ, ಬಲಾತ್ಕಾರ ಮಾಡುವುದು ಮಾತ್ರ ಹಾಗೆ ಎಂದುಕೊಂಡಿದ್ದೆ ಎಂಬರ್ಥದ ಉತ್ತರ ಕೊಟ್ಟ.

ಇದನ್ನು ನುಣುಚಿಕೊಳ್ಳುವ ಮಾತು ಎಂದು ತಳ್ಳಿಹಾಕುವುದು ಸುಲಭ. ಭಾಗಶಃ ಅದು ನುಣುಚಿಕೊಳ್ಳುವುದೂ ಹೌದು. ಆದರೆ ಕುಡಿದವನ ಕೈಗೆ ಕೀಲಿ ಕೊಡಬಾರದು ಎಂದು ಅವನಿಗೆ ಯಾರೋ ಕಲಿಸಿದ್ದರು. ಶಾಲೆಯಲ್ಲಿ, ಮನೆಯಲ್ಲಿ, ಟಿ.ವಿ.ಯಲ್ಲಿ ನೂರು ಸಲ ಕೇಳಿ ಅದು ರಕ್ತಗತವಾಗಿತ್ತು. ಪ್ರಜ್ಞೆ ಇಲ್ಲದವಳು ಒಪ್ಪಿಗೆ ಕೊಡಲಾರಳು ಎಂಬುದನ್ನು ಒಂದು ಸಲವೂ ಯಾರೂ ಅವನ ಕಿವಿಗೆ ಹಾಕಿದ ಹಾಗಿಲ್ಲ. ನಿಮ್ಮ ಕಿವಿಗೆ ಯಾರಾದರೂ ಹಾಕಿದ್ದಾರೆಯೇ? ಹೆಲ್ಮೆಟ್ ಬಗ್ಗೆ ಹೇಳಿದವರು ಎಷ್ಟು ಮಂದಿ, ಇದರ ಬಗ್ಗೆ ಹೇಳಿದವರು ಎಷ್ಟು ಮಂದಿ, ಎಣಿಸಿ ನೋಡಿ.

ಆದ್ದರಿಂದ ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದ ಕಾನೂನಿನಲ್ಲಿ ಈ ವಿಷಯಕ್ಕೆ ಗೊಂದಲವಿಲ್ಲ. 2012ರ ಡಿಸೆಂಬರ್ 16ರ ದೆಹಲಿ ಘಟನೆಯ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದರ ಪ್ರಕಾರ ಒಪ್ಪಿಗೆ ಎಂದರೆ ಮಾತು, ಸನ್ನೆ ಅಥವಾ ಬೇರೆ ರೀತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ, ಸ್ವಇಚ್ಛೆಯಿಂದ ತಿಳಿಸಿದ್ದು. ಪ್ರತಿಭಟಿಸಿ ಕೈಕಾಲು ಆಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎಂದು ಅರ್ಥವಲ್ಲ. ಅಮಲಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದವಳ ಅಥವಾ ಒಪ್ಪಿಗೆಯನ್ನು ತಿಳಿಸಲಾಗದವಳ ಸ್ಥಿತಿಯನ್ನು ಕಾನೂನು ಬೇರೆಯಾಗಿಯೇ ಹೆಸರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ಇದನ್ನೆಲ್ಲ ಉಳಿಸಿಕೊಂಡಿದೆ. ಇನ್ನು ಹದಿನೆಂಟು ತುಂಬದವರ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಅವರ ರಕ್ಷಣೆಗಿರುವುದು ಪೋಕ್ಸೊ ಕಾಯ್ದೆ. ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ, ಸ್ಟೂಬೆನ್‌ವಿಲ್ ಘಟನೆಯಾಗಿ ಮೂರು ತಿಂಗಳಿಗೆ. ಈ ಕಾಯ್ದೆ ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಅನ್ವಯ. ಹಾಸ್ಟೆಲಿನಲ್ಲಿ ಹಿರಿಯ ಆಟಗಾರರು ಕಿರಿಯ ಹುಡುಗನಿಗೆ 'ಗಮ್ಮತ್ತು' ಎಂದು ಮಾಡುವ ಕೆಲವು ಕೆಲಸಗಳೂ ಇದರೊಳಗೇ ಬರುತ್ತವೆ. ಇದನ್ನು ಹುಡುಗರು ಗಮನಿಸಬೇಕು.

ಸ್ಟೂಬೆನ್‌ವಿಲ್‌ನ ಇಬ್ಬರು ಹುಡುಗರು ತಪ್ಪಿತಸ್ಥರೆಂದು 2013ರ ಮಾರ್ಚ್ 17ರಂದು ತೀರ್ಪಾಯಿತು. ಒಬ್ಬನಿಗೆ ಬಾಲಾಪರಾಧಿಗಳ ಕೇಂದ್ರದಲ್ಲಿ ಕನಿಷ್ಠ ಒಂದು ವರ್ಷ, ಚಿತ್ರ ಹಂಚಿದ ಅಪರಾಧವೂ ಸೇರಿ ಇನ್ನೊಬ್ಬನಿಗೆ ಕನಿಷ್ಠ ಎರಡು ವರ್ಷ. ತೀರ್ಪಿನ ಮರುದಿನಗಳಲ್ಲೇ ನೊಂದ ಹುಡುಗಿಗೆ ಇಂಟರ್ನೆಟ್‌ನಲ್ಲಿ ಬೆದರಿಕೆ ಹಾಕಿದ್ದಕ್ಕೆ ಇಬ್ಬರ ಬಂಧನವಾಯಿತು. ಆ ಇಬ್ಬರೂ ಹದಿನೈದು, ಹದಿನಾರು ವರ್ಷದ ಹುಡುಗಿಯರು. ಶಾಮೀಲಾಗುವುದು ಗಂಡಸರ ಸೊತ್ತೇನೂ ಅಲ್ಲ.

ದೊಡ್ಡವರ ಕಥೆ ಇನ್ನೂ ಸ್ವಾರಸ್ಯ. ಸ್ವಾರಸ್ಯ ಎಂಬುದು ಸರಿಯಾದ ಪದವಲ್ಲ, ಆದರೂ ಇರಲಿ. ಕೋಚ್ ಎಲ್ಲ ನೋಡಿಕೊಳ್ಳುತ್ತಾರೆ ಎಂಬ ಧೈರ್ಯ ಆಟಗಾರರ ಸಂದೇಶಗಳಲ್ಲಿ ಕಾಣುತ್ತಿತ್ತು. ಮುಖ್ಯ ಕೋಚ್ ಮೇಲೆ ಯಾವ ಆರೋಪವೂ ದಾಖಲಾಗಲಿಲ್ಲ. ತೀರ್ಪಾದ ಮರುತಿಂಗಳೇ ಅವರ ಒಪ್ಪಂದವನ್ನು ಎರಡು ವರ್ಷ ಮುಂದುವರಿಸಲಾಯಿತು. ಆದರೆ ರಾಜ್ಯದ ಅಟಾರ್ನಿ ಜನರಲ್ ಅಷ್ಟಕ್ಕೇ ಬಿಡಲಿಲ್ಲ. ಬೇರೆಯೇ ತನಿಖೆ ನಡೆದು 2013ರ ನವೆಂಬರ್ ವೇಳೆಗೆ ಶಾಲಾ ಆಡಳಿತಕ್ಕೆ ಸೇರಿದ ಹಲವು ಹಿರಿಯರ ಮೇಲೆ ಆರೋಪ ಹೊರಿಸಲಾಯಿತು. ಸಾಕ್ಷ್ಯ ತಿರುಚಿದ, ತನಿಖೆಗೆ ಅಡ್ಡಿ ಮಾಡಿದ ಆರೋಪ ಶಿಕ್ಷಣ ವ್ಯವಸ್ಥೆಯ ಮುಖ್ಯಸ್ಥರ ಮೇಲೆ. ಮಕ್ಕಳಿಗೆ ಕುಡಿಯಲು ಅವಕಾಶವಾದ ಮನೆಗೆ ಸಂಬಂಧಿಸಿದಂತೆ ಆರೋಪ ಒಬ್ಬ ಸಹಾಯಕ ಕೋಚ್ ಮೇಲೆ. ಮಕ್ಕಳ ಮೇಲಿನ ದೌರ್ಜನ್ಯ ತಿಳಿದೂ ವರದಿ ಮಾಡದ ಆರೋಪ ಶಿಕ್ಷಕರ ಮೇಲೆ. ಸಹಾಯಕ ಕೋಚ್‌ಗೆ ಹತ್ತು ದಿನ ಜೈಲಾಯಿತು. ಮುಖ್ಯಸ್ಥರು 2015ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಅವರ ಮೇಲಿನ ಆರೋಪ ಕೈಬಿಡಲಾಯಿತು. ಶಿಕ್ಷೆ ದೊಡ್ಡದಲ್ಲ. ಆದರೆ ಸುಮ್ಮನಿದ್ದದ್ದಕ್ಕೂ ಲೆಕ್ಕ ಕೊಡಬೇಕಾಗಿ ಬಂತು ಎಂಬುದು ಸಣ್ಣ ಸಂಗತಿಯಲ್ಲ.

ನೀವು ಕೇಳಬಹುದು, ಅಮೆರಿಕದಲ್ಲಿ ಪಾರ್ಟಿ, ಮದ್ಯ, ಹತ್ತು ಸಾವಿರ ಜನರ ಕ್ರೀಡಾಂಗಣ. ನಮ್ಮಲ್ಲಿ ಹೊಲದ ಬದಿಯ ಮೈದಾನ, ಬೀಳುವ ಗೋಲ್‌ಪೋಸ್ಟು. ನಮಗೇನು ಸಂಬಂಧ? ಮೈದಾನ ಬೇರೆ, ಆದರೆ ಆಟದ ಜಗತ್ತು ಬಾಯಿ ಮುಚ್ಚಿಸುವ ಬಗೆ ಒಂದೇ.

ಆಟದಲ್ಲಿ ಒಬ್ಬರ ಕೈಯಲ್ಲಿ ಬಹಳಷ್ಟು ಇರುತ್ತದೆ. ತಂಡದಲ್ಲಿ ಯಾರಿರಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಪ್ರಮಾಣಪತ್ರಕ್ಕೆ ಯಾರ ಹೆಸರು ಕಳಿಸಬೇಕು ಎಂಬುದನ್ನು ತೀರ್ಮಾನಿಸುವವರು ದೈಹಿಕ ಶಿಕ್ಷಕರು, ಕೋಚ್, ಗರಡಿಮನೆಯಾದರೆ ವಸ್ತಾದ. ಆ ಪ್ರಮಾಣಪತ್ರಕ್ಕೆ ಮುಂದೆ ಕಾಲೇಜು ಸೀಟಿನಲ್ಲಿ ಕ್ರೀಡಾ ಕೋಟಾದ ಬೆಲೆ ಇದೆ. ಬಡ ಮನೆಯ ಮಗುವಿಗೆ ಅದು ಊರು ದಾಟುವ ಏಕೈಕ ಬಾಗಿಲಾಗಿರಬಹುದು. ಎರಡನೆಯದು, ದೇಹ ಮುಟ್ಟದೆ ಆಟ ಕಲಿಸಲಾಗದು. ಭುಜ ಹಿಡಿದು ತಿರುಗಿಸಬೇಕು, ಕಾಲಿನ ನಿಲುವು ತಿದ್ದಬೇಕು, ಉಳುಕಿದ ಸ್ನಾಯು ನೀವಬೇಕು. ಸರಿಯಾದ ಸ್ಪರ್ಶದ ಮರೆಯಲ್ಲಿ ತಪ್ಪಾದದ್ದೂ ನುಸುಳಬಹುದು, ಮಗುವಿಗೆ ಅನುಮಾನ ಬಂದರೂ 'ಕಲಿಸುವುದು ಹೀಗೇ ಇರಬೇಕು' ಅನ್ನಿಸಬಹುದು. ಮೂರನೆಯದು ಪ್ರಯಾಣ. ಬೇರೆ ಊರಿನ ಶಾಲೆಯ ಕೋಣೆಯಲ್ಲಿ ರಾತ್ರಿ ಮಲಗುವುದು, ಮನೆಯವರಿಂದ ದೂರ. ಇವೆಲ್ಲಕ್ಕಿಂತ ಮೇಲೆ ತಂಡದ ಮರ್ಯಾದೆ. "ಹೊರಗ ಹೇಳಬ್ಯಾಡ್ರಿ, ಸಾಲಿ ಹೆಸರು ಕೆಡ್ತದ" ಎಂಬ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಹುಡುಗಿಯ ವಿಷಯದಲ್ಲಿ ಇನ್ನೊಂದು ತೊಡಕು. ಏನಾದರೂ ಆಯಿತೆಂದು ಮನೆಯಲ್ಲಿ ಬಾಯಿಬಿಟ್ಟರೆ ಮೊದಲು ನಿಲ್ಲುವುದು ಅವಳ ಆಟ. ತಪ್ಪಿತಸ್ಥನ ಕೆಲಸವಲ್ಲ, ಅವಳ ಆಟ. ಒಂದೊಂದು ಸಲ ಓದೂ ನಿಂತು ಮದುವೆಯ ಮಾತೆದ್ದೀತು. ಇದು ಅವಳಿಗೆ ಗೊತ್ತು. ಆದ್ದರಿಂದ ಸುಮ್ಮನಿರುತ್ತಾಳೆ. ಈ ಒಂದು ಸಂಗತಿ ಪಾಲಕರಿಗೆ ಅರ್ಥವಾದರೆ ಅರ್ಧ ಕೆಲಸ ಆದಂತೆ ಎಂದು ನನ್ನ ಅನಿಸಿಕೆ. ಈ ಪುಟವನ್ನು ಮನೆಯಲ್ಲಿ ಬೇಕೆಂದೇ ತೆರೆದಿಟ್ಟು ಹೋಗಿ.

ನಮ್ಮ ದೇಶದ್ದೇ ಪ್ರಕರಣವೊಂದನ್ನು ನೋಡಿ. 1990ರ ಆಗಸ್ಟ್ 12. ಹರಿಯಾಣದ ಪಂಚಕುಲಾದಲ್ಲಿ ಹದಿನಾಲ್ಕು ವರ್ಷದ ಟೆನಿಸ್ ಆಟಗಾರ್ತಿಯೊಬ್ಬಳನ್ನು ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷ ತನ್ನ ಕಚೇರಿಯಲ್ಲಿ ಕಿರುಕುಳಕ್ಕೆ ಗುರಿಮಾಡಿದ. ಆತ ಎಸ್.ಪಿ.ಎಸ್. ರಾಠೋಡ್, ಪೊಲೀಸ್ ಇಲಾಖೆಯ ಐ.ಜಿ. ಕೂಡ. ಅಂದಿನ ಪೊಲೀಸ್ ಮಹಾನಿರ್ದೇಶಕರೇ ವಿಚಾರಣೆ ಮಾಡಿ ಸೆಪ್ಟೆಂಬರ್‌ನಲ್ಲಿ ಪ್ರಕರಣ ದಾಖಲಿಸಬೇಕೆಂದು ಶಿಫಾರಸು ಮಾಡಿದರು. ದಾಖಲಾಗಲಿಲ್ಲ. ಅದೇ ತಿಂಗಳು ಶಾಲೆ ಆ ಹುಡುಗಿಯನ್ನು ಹೊರಹಾಕಿತು. ಕೊಟ್ಟ ಕಾರಣ ಶುಲ್ಕ ಬಾಕಿ! ಅವಳ ಸೋದರನ ಮೇಲೆ ಕಾರು ಕಳವಿನ ಪ್ರಕರಣಗಳು ಬಿದ್ದವು. 1993ರ ಡಿಸೆಂಬರ್‌ನಲ್ಲಿ ಹುಡುಗಿ ವಿಷ ಕುಡಿದು ತೀರಿಕೊಂಡಳು. ಎಫ್.ಐ.ಆರ್. ಆದದ್ದು 1999ರ ಡಿಸೆಂಬರ್‌ನಲ್ಲಿ. ಆ ವೇಳೆಗೆ ಆರೋಪಿ ಮಹಾನಿರ್ದೇಶಕನ ಹುದ್ದೆಗೇ ಏರಿಯಾಗಿತ್ತು. 2009ರ ಡಿಸೆಂಬರ್ 21ರಂದು ಆತ ತಪ್ಪಿತಸ್ಥನೆಂದು ತೀರ್ಪಾಯಿತು, ಆರು ತಿಂಗಳ ಸಜೆ, ಸಾವಿರ ರೂಪಾಯಿ ದಂಡ. ಮೇಲ್ಮನವಿಯಲ್ಲಿ ಅದು ಹದಿನೆಂಟು ತಿಂಗಳಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿದು, ಸಜೆಯನ್ನು ಅದುವರೆಗೆ ಅನುಭವಿಸಿದ್ದಕ್ಕೆ ಇಳಿಸಿತು.

ಈ ಕಥೆಯಲ್ಲಿ ಸುಮ್ಮನಿದ್ದವರ ಪಟ್ಟಿ ಉದ್ದ. ಕಡತ ಮುಚ್ಚಿದವರು, ಶಾಲೆಯವರು, ಬಡ್ತಿ ಕೊಟ್ಟವರು. ಆದರೆ ಇದು ಇಷ್ಟಾದರೂ ಮುಂದುವರಿದದ್ದು ಏಕೆ ಗೊತ್ತೇ? ಅವತ್ತು ಜೊತೆಗಿದ್ದ ಗೆಳತಿಯೊಬ್ಬಳು ತಾನು ಕಂಡದ್ದನ್ನು ಹೇಳಿದಳು. ಅವಳಿಗೂ ಆಗ ಚಿಕ್ಕ ವಯಸ್ಸು. ಅವಳ ತಂದೆತಾಯಿ ಆ ಮಾತನ್ನು ಹಿಡಿದು ಹತ್ತೊಂಬತ್ತು ವರ್ಷ ನ್ಯಾಯಾಲಯ ಸುತ್ತಿದರು. ಕಂಡವಳು ಒಬ್ಬಳು ಬಾಯಿಬಿಟ್ಟಳು, ಅಷ್ಟೇ. ಇಬ್ಬರು ಹುಡುಗಿಯರ ಹೆಸರನ್ನೂ ನಾನು ಬರೆದಿಲ್ಲ. ಪತ್ರಿಕೆಗಳು ಸಾವಿರ ಸಲ ಬರೆದಿವೆ ನಿಜ. ಆದರೂ ಹೆಸರು ಬರೆಯದೆ ಕಥೆ ಹೇಳಲು ಬರುತ್ತದೆ ಎಂಬುದನ್ನು ನೀವು ನೋಡಲಿ ಎಂದು.

ಹೆಸರು ಮಾಡಿದವರ ಪಾಡೂ ಬೇರೆಯಲ್ಲ. 2023ರ ಜನವರಿಯಲ್ಲಿ ತಮ್ಮ ಒಕ್ಕೂಟದ ಅಧ್ಯಕ್ಷರ ಮೇಲೆ ದೂರು ಹೇಳಲು ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಅವರಂಥ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಆರೋಪವನ್ನು ಅಧ್ಯಕ್ಷರು ಅಲ್ಲಗಳೆದರು. ಸರಿ ತಪ್ಪು ನ್ಯಾಯಾಲಯದ ಮಾತು. ನಾನು ಹೇಳುವುದು ಇಷ್ಟೇ: ಒಲಿಂಪಿಕ್ ಪದಕ ತಂದವರಿಗೇ ಕೇಳುವವರು ಸಿಗುವುದು ಇಷ್ಟು ಕಷ್ಟವಾದರೆ ಒಂಬತ್ತನೆಯ ತರಗತಿಯ ಖೋ-ಖೋ ಆಟಗಾರ್ತಿಗೆ?

ನಿಮ್ಮ ಕೈಯಲ್ಲಿರುವ ಫೋನಿನ ಮಾತು ಈಗ. 2019ರ ಜುಲೈನಲ್ಲಿ ನಮ್ಮದೇ ರಾಜ್ಯದ ಪುತ್ತೂರಿನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಆರೋಪ ಬೆಳಕಿಗೆ ಬಂತು. ಬೆಳಕಿಗೆ ಬಂದದ್ದು ವಿಡಿಯೊ ಹರಿದಾಡಿದ ಮೇಲೆ. ಬಂಧಿತರು ವಿದ್ಯಾರ್ಥಿಗಳು. ವಿಡಿಯೊ ಹಂಚಿದವರ ಮೇಲೂ ಪೊಲೀಸರು ಕ್ರಮ ಕೈಗೊಂಡರು. ಅದನ್ನು ಮುಂದೆ ಕಳಿಸಿದವರಲ್ಲಿ ಎಷ್ಟೋ ಜನ 'ಅಯ್ಯೋ ಪಾಪ' ಎಂದು ಬರೆದೇ ಕಳಿಸಿರಬಹುದು. ಆ ಹುಡುಗಿಗೆ ಅದರಿಂದ ಏನು ವ್ಯತ್ಯಾಸ? ಪ್ರತಿ ಸಲ ಕಳಿಸಿದಾಗಲೂ ಆ ಗಳಿಗೆ ಇನ್ನೊಮ್ಮೆ ನಡೆದಂತೆ. ಹದಿನೆಂಟರೊಳಗಿನವರ ಇಂಥ ದೃಶ್ಯ ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಇಟ್ಟುಕೊಳ್ಳುವುದೂ, ಹುಡುಕಿ ನೋಡುವುದೂ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಂಥದ್ದು ನಿಮಗೆ ಬಂದರೆ ಯಾರಿಗೂ ಕಳಿಸಬೇಡಿ, ಸಾಕ್ಷಿಗೆ ಬೇಕು ಎಂದು ಶಿಕ್ಷಕರಿಗೂ ಕಳಿಸಬೇಡಿ. ನಂಬಿಕೆಯ ಹಿರಿಯರಿಗೆ ಬಾಯಲ್ಲಿ ಹೇಳಿ, ಅವರೊಡನೆ ಪೊಲೀಸರ ಬಳಿ ಹೋಗಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ಹೇಳದೆಯೂ ತಿಳಿಸಬಹುದು.

ನಮ್ಮ ಮಾಧ್ಯಮವನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾದೀತು. ಸ್ಟೂಬೆನ್‌ವಿಲ್ ತೀರ್ಪಿನ ದಿನ ಸಿ.ಎನ್.ಎನ್. ವಾಹಿನಿ ಆ ಇಬ್ಬರು ಹುಡುಗರ ಉಜ್ವಲ ಭವಿಷ್ಯ ಹಾಳಾಯಿತಲ್ಲ ಎಂಬ ಧಾಟಿಯಲ್ಲಿ ವರದಿ ಮಾಡಿತು. ಕ್ಷಮೆ ಕೇಳಬೇಕೆಂದು ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಇದು ಸಾಲದೆಂಬಂತೆ, ನ್ಯಾಯಾಲಯದ ದೃಶ್ಯ ಪ್ರಸಾರ ಮಾಡುವಾಗ ಒಂದಕ್ಕಿಂತ ಹೆಚ್ಚು ವಾಹಿನಿಗಳು ನೊಂದ ಹುಡುಗಿಯ ಹೆಸರು ಕೇಳಿಸುವಂತೆ ಬಿಟ್ಟವು. ನಾನು ಕಲ್ಲೆಸೆಯುವವನಲ್ಲ. ವರ್ಷಗಳ ಹಿಂದೆ ಕಾರ್ಯಕ್ರಮವೊಂದರಲ್ಲಿ ಬಾಲಕಿಯೊಬ್ಬಳ ಮುಖ ಮಸುಕು ಮಾಡಿ, ಧ್ವನಿ ಬದಲಿಸಿ, ನಮ್ಮ ಕೆಲಸ ಮುಗಿಯಿತೆಂದು ಬೀಗಿದ್ದೆ. ಪ್ರಸಾರದ ರಾತ್ರಿಯೇ ಅವಳ ಅಜ್ಜಿಯ ಫೋನ್ ಬಂತು. "ಹಿತ್ತಲ ಬಾವಿಕಟ್ಟಿ ಕಾಣ್ತದ್ರಿ. ನಮ್ಮೂರಾಗ ಅಂಥ ಬಾವಿಕಟ್ಟಿ ಒಂದೇ ಅದ." ನನ್ನಲ್ಲಿ ಉತ್ತರ ಇರಲಿಲ್ಲ. ಮರುಪ್ರಸಾರ ನಿಲ್ಲಿಸಿದೆವು, ಆದರೆ ಮೊದಲ ಪ್ರಸಾರ ಆಗಿಹೋಗಿತ್ತು. ಪೋಕ್ಸೊ ಕಾಯ್ದೆಯ 23ನೆಯ ಕಲಮು ಹೆಸರು, ವಿಳಾಸ, ಚಿತ್ರ ಮಾತ್ರವಲ್ಲ, ಕುಟುಂಬ, ಶಾಲೆ, ನೆರೆಹೊರೆ ಯಾವುದರ ಸುಳಿವೂ ಮಾಧ್ಯಮದಲ್ಲಿ ಬರಕೂಡದು ಎನ್ನುತ್ತದೆ. ಕಾನೂನು ಬರೆದವರಿಗೆ ಹಳ್ಳಿ ಗೊತ್ತಿತ್ತು ಅನ್ನಿಸುತ್ತದೆ. ಮೋರಖಂಡಿಯಂಥ ಊರಿನಲ್ಲಿ 'ಖೋ-ಖೋ ತಂಡದ ಎತ್ತರದ ಹುಡುಗಿ' ಎಂದರೆ ಸಾಕು, ಹೆಸರೇ ಬೇಡ. ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಈ ಮಾತು ಸಲ್ಲುತ್ತದೆ.

ಕಂಡವರು ಹೇಳಲೇಬೇಕೇ? ಪೋಕ್ಸೊ ಕಾಯ್ದೆಯ 19ನೆಯ ಕಲಮು ಹೇಳಲೇಬೇಕು ಎನ್ನುತ್ತದೆ. ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. 'ಶಾಲೆಯ ಒಳಗೇ ಬಗೆಹರಿಸಿಕೊಂಡೆವು' ಎಂಬುದು ಕಾನೂನಿನ ಮುಂದೆ ಸಮಜಾಯಿಷಿಯಾಗದು. ಆದರೆ ಹದಿನೆಂಟು ತುಂಬದ ನಿಮಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ, ಮಕ್ಕಳ ಮೇಲೆ ಆ ಹೊರೆ ಹಾಕಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ, ಅದು ಮುಂದೆ ಸಾಬೀತಾಗದೆ ಹೋದರೂ, ಪ್ರಕರಣ ಹೂಡುವಂತಿಲ್ಲ. ಅಂದರೆ ಖಚಿತ ಪುರಾವೆ ಕೈಯಲ್ಲಿ ಇರಬೇಕು ಎಂದು ಕಾಯಬೇಕಾಗಿಲ್ಲ. ಪುರಾವೆ ಹುಡುಕುವುದು ಪೊಲೀಸರ ಕೆಲಸ.

ಆ ಕ್ಷಣದಲ್ಲಿ ಏನು ಮಾಡಬಹುದು ಎಂದು ಕೇಳುವವರಿಗೆ ಮತ್ತೆ ಆ ಕಾರಿನ ಕೀಲಿಯನ್ನೇ ತೋರಿಸುತ್ತೇನೆ. ಆ ಹುಡುಗ ಗೆಳೆಯನೊಡನೆ ಹೊಡೆದಾಡಲಿಲ್ಲ, ಭಾಷಣ ಮಾಡಲಿಲ್ಲ, ಉಪಾಯ ಮಾಡಿದ. ಹಾಗೆಯೇ ಇಲ್ಲೂ ಮಾಡಬಹುದು. ಕೋಣೆಯ ದೀಪ ಹಾಕಬಹುದು. 'ಸರ್ ಬಂದರು' ಎಂದು ಕೂಗಬಹುದು. ಕಿರಿಯ ಹುಡುಗನನ್ನು 'ನಿನ್ನನ್ನು ಕರೆಯುತ್ತಿದ್ದಾರೆ ಬಾ' ಎಂದು ಎಬ್ಬಿಸಿಕೊಂಡು ಹೊರಗೆ ತರಬಹುದು. ಗುಂಪಿನಲ್ಲಿ ಎಲ್ಲರೂ ನಗುವಾಗ ಒಬ್ಬ ನಗದೆ ಇದ್ದರೂ ನಗು ಅರ್ಧಕ್ಕೆ ನಿಲ್ಲುವುದನ್ನು ನೀವೇ ಕಂಡಿರುತ್ತೀರಿ. ಆಮೇಲೆ ಆ ಹುಡುಗಿಯ ಅಥವಾ ಹುಡುಗನ ಜೊತೆ ಕುಳಿತುಕೊಳ್ಳಿ. ಏಕೆ ಹೋದೆ, ಏಕೆ ಸುಮ್ಮನಿದ್ದೆ ಎಂದು ಕೇಳಬೇಡಿ.

ದೊಡ್ಡವರು ಮಾಡಬೇಕಾದ್ದು ಬೇರೆ ಇದೆ. 2022ರ ಜೂನ್‌ನಲ್ಲಿ, ವಿದೇಶದಲ್ಲಿ ತರಬೇತಿಯಲ್ಲಿದ್ದ ಸೈಕ್ಲಿಂಗ್ ಆಟಗಾರ್ತಿಯೊಬ್ಬರು ತಮ್ಮ ಕೋಚ್ ಮೇಲೆ ದೂರು ಕೊಟ್ಟ ನಂತರ, ಆಟಗಾರ್ತಿಯರಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರ ಸೂಚಿಸಿತು. ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಡುವ ನಿಮ್ಮ ಬಾಲಕಿಯರ ತಂಡದ ಜೊತೆ ಯಾವ ಟೀಚರ್ ಬರುತ್ತಾರೆ, ರಾತ್ರಿ ಉಳಿಯುವುದಾದರೆ ಎಲ್ಲಿ, ಆ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳಿಸಿ. ಶಾಲೆಯ ಗೋಡೆಯ ಮೇಲಿನ ದೂರು ಪೆಟ್ಟಿಗೆಯ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಕೇಳಿ. ದೂರು ಯಾರ ಮೇಲಿರಬಹುದೋ ಅವರ ಜೇಬಿನಲ್ಲೇ ಕೀಲಿ ಇದ್ದರೆ ಆ ಪೆಟ್ಟಿಗೆ ಖಾಲಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

'ರೋಲ್ ರೆಡ್ ರೋಲ್' ಸುಮಾರು ಎಂಬತ್ತು ನಿಮಿಷದ ಚಿತ್ರ. ಚಿಕ್ಕ ತರಗತಿಯವರಿಗೆ ಅಲ್ಲ. ಅದರಲ್ಲಿ ಆ ಹುಡುಗರು ಆಡಿದ ಕಟು ಮಾತುಗಳು ಹಾಗೆಯೇ ಇವೆ. ಪಿ.ಯು.ಸಿ. ಮತ್ತು ಕಾಲೇಜಿನವರು ನೋಡುವುದಾದರೆ ಒಬ್ಬರೇ ನೋಡಬೇಡಿ, ಅಧ್ಯಾಪಕರ ಜೊತೆ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು ನೋಡಿ, ಮುಗಿದ ಮೇಲೆ ಅರ್ಧ ಗಂಟೆ ಮಾತಿಗೆ ಇಟ್ಟುಕೊಳ್ಳಿ. ಅದರ ಒಂದು ಭಾಗ ನನ್ನ ಮನಸ್ಸಿನಲ್ಲಿ ನಿಂತಿದೆ. ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಮೊದಲು ಘೋಷಣೆ, ಆಮೇಲೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ತಮಗೆ ಎಷ್ಟೋ ವರ್ಷಗಳ ಹಿಂದೆ ಆದದ್ದನ್ನು ಹೇಳುತ್ತಾರೆ. ಅದುವರೆಗೆ ಯಾರಿಗೂ ಹೇಳಿರದಿದ್ದವರೂ ಅವರಲ್ಲಿದ್ದರು.

ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ಹಣವಿಲ್ಲ. ತುರ್ತು ಇದ್ದರೆ 112. ನಿಮಗೇ ಆಗಿರಬೇಕೆಂದಿಲ್ಲ, ಗೆಳತಿಯ ಪರವಾಗಿ, ತಮ್ಮನ ಪರವಾಗಿ, ಹೆಸರು ಗೊತ್ತಿಲ್ಲದ ಮಗುವಿನ ಪರವಾಗಿಯೂ ಕರೆ ಮಾಡಬಹುದು. ಎಲ್ಲಿ, ಯಾವಾಗ, ಈಗ ಆ ಮಗು ಎಲ್ಲಿದೆ, ಸುರಕ್ಷಿತವಾಗಿದೆಯೇ ಎಂಬುದನ್ನು ಮೊದಲು ಹೇಳಿ, ಮಿಕ್ಕದ್ದು ಆಮೇಲೆ.